ಊದುಬತ್ತಿ ಕಡ್ಡಿಯಿಂದ ಜುಮ್ಕಿವರೆಗೆ

ಪೇಪರ್ ಕ್ವಿಲ್ಲಿಂಗ್, ಅಂದರೆ ಕಾಗದದ ಸಣ್ಣ ಪಟ್ಟಿಗಳನ್ನು ಸುರುಳಿ ಸುತ್ತಿ ಹೂವು, ಜುಮ್ಕಿ ಮಾಡುವ ಕೆಲಸ, ಶುರು ಮಾಡಲು ನನಗೆ ಸಿಕ್ಕಿದ್ದು ಜುಲೈ ತಿಂಗಳು. ಉಡುಪಿಯ ಜುಲೈ ಗೊತ್ತಲ್ಲ, ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಕರಿದ ಹಪ್ಪಳ ಊಟ ಮುಗಿಯುವುದರೊಳಗೆ ಮೆತ್ತಗಾಗುತ್ತದೆ. ಕಾಗದದ ಕೆಲಸಕ್ಕೆ ಇದಕ್ಕಿಂತ ಕೆಟ್ಟ ತಿಂಗಳು ಬೇರೆ ಇಲ್ಲ.

ಮಗಳ ಪ್ರಾಜೆಕ್ಟಿಗೆಂದು ತಂದ ಬಣ್ಣದ ಪಟ್ಟಿಗಳು ಮನೆಯಲ್ಲಿ ಉಳಿದಿದ್ದವು, 5 ಮಿ.ಮೀ. ಅಗಲದವು. ಹೊಸಬರಿಗೆ ಇದೇ ಒಳ್ಳೆಯದು. 3 ಮಿ.ಮೀ. ಪಟ್ಟಿ ಮೊದಮೊದಲು ಬೆರಳಿಗೆ ಸಿಗುವುದೇ ಇಲ್ಲ. ಸುತ್ತುವ ಟೂಲ್ ಇರಲಿಲ್ಲ. ಊದುಬತ್ತಿ ಉರಿದು ಉಳಿದ ಕಡ್ಡಿಯ ತುದಿಯನ್ನು ಬ್ಲೇಡಿನಿಂದ ಸೀಳಿ, ಅದಕ್ಕೆ ಪಟ್ಟಿ ಸಿಕ್ಕಿಸಿ ತಿರುಗಿಸಿದೆ. ಹಿಂದೆ ಯುರೋಪಿನಲ್ಲಿ ಹಕ್ಕಿ ಗರಿಯ ದಂಟಿಗೆ ಸುತ್ತುತ್ತಿದ್ದರಂತೆ. ಕ್ವಿಲ್ ಅಂದರೆ ಆ ಗರಿಯೇ.

"ಎಂತ ಮಾರಾಯ್ತಿ ಇದು, ಕಾಗದದ ಚಕ್ಕುಲಿಯಾ?" ಅಂದರು ಅತ್ತೆ.

ಸುತ್ತಿದ ಸುರುಳಿಯನ್ನು ಸ್ವಲ್ಪ ಸಡಿಲ ಬಿಟ್ಟು, ತುದಿಗೆ ಅಂಟು ಹಾಕಿ, ಒಂದು ಕಡೆ ಚಿವುಟಿದರೆ ಹನಿ. ಎರಡೂ ಕಡೆ ಚಿವುಟಿದರೆ ಕಣ್ಣು. ಐದು ಹನಿ ಸೇರಿದರೆ ಹೂವು. ಆದರೆ ನನ್ನ ಐದು ಹನಿ ಐದು ಗಾತ್ರದಲ್ಲಿದ್ದವು. ಆಮೇಲೆ ಸುರುಳಿಯನ್ನು ಬಾಟಲಿ ಮುಚ್ಚಳದ ಒಳಗೆ ಬಿಡಲು ಕಲಿತೆ. ಮುಚ್ಚಳದಷ್ಟೇ ಬಿಚ್ಚಿಕೊಳ್ಳುತ್ತದೆ, ಎಲ್ಲವೂ ಒಂದೇ ಅಳತೆ.

ನಿಜವಾಗಿ ಕಾಡಿದ್ದು ಅಂಟು. ಜಾಸ್ತಿ ಹಾಕಿದರೆ ಗಟ್ಟಿ ನಿಲ್ಲುತ್ತದೆ ಅಂದುಕೊಂಡು ಫೆವಿಕಾಲನ್ನು ನೇರ ಡಬ್ಬಿಯಿಂದಲೇ ಒತ್ತಿದೆ. ಆ ಹವೆಯಲ್ಲಿ ಅದು ಒಣಗಬೇಕಲ್ಲ! ಬೆಳಿಗ್ಗೆ ನೋಡಿದರೆ ಅರ್ಧ ಹೂವು ತನ್ನಷ್ಟಕ್ಕೆ ಬಿಚ್ಚಿಕೊಂಡಿತ್ತು, ಕೆಂಪು ಬಣ್ಣ ಬಿಳಿ ದಳಕ್ಕೆ ಇಳಿದಿತ್ತು. ಈಗ ಅಂಟನ್ನು ಮುಚ್ಚಳದಲ್ಲಿ ಒಂದು ಹನಿ ಹಾಕಿಟ್ಟು ಸೂಜಿ ಮೊನೆಯಲ್ಲಿ ಮುಟ್ಟಿಸುತ್ತೇನೆ, ಹಚ್ಚಿದ ಜಾಗವನ್ನು ಹತ್ತು ಎಣಿಸುವವರೆಗೆ ಹಿಡಿಯುತ್ತೇನೆ. ಪಟ್ಟಿಗಳು ಸ್ಟೀಲ್ ಡಬ್ಬದಲ್ಲಿ, ಜೊತೆಗೆ ಹುರಿದ ಅಕ್ಕಿಯ ಸಣ್ಣ ಗಂಟು. ಫ್ಯಾನ್ ಮಾತ್ರ ಹಾಕಬೇಡಿ, ದಳ ಹೆಕ್ಕುವುದೇ ಕೆಲಸವಾಗುತ್ತದೆ.

ಜುಮ್ಕಿಗೆ ಕೈ ಹಾಕಿದ್ದು ಎರಡು ತಿಂಗಳ ನಂತರ. 3 ಮಿ.ಮೀ. ಪಟ್ಟಿಗಳನ್ನು ಒಂದರ ತುದಿಗೆ ಇನ್ನೊಂದು ಅಂಟಿಸಿ ಬಿಗಿಯಾಗಿ ಸುತ್ತುತ್ತಾ ಹೋದರೆ ನಾಣ್ಯದಂಥ ಬಿಲ್ಲೆ ಆಗುತ್ತದೆ. ಅದನ್ನು ಗೋಲಿಯ ಮೇಲಿಟ್ಟು ಸುತ್ತಲೂ ಮೆಲ್ಲ ಒತ್ತಬೇಕು, ಪದರ ಪದರವಾಗಿ ಜಾರಿ ಗುಮ್ಮಟ ಏಳುತ್ತದೆ. ನನಗೆ ಅವಸರ. ಮೊದಲನೆಯದರ ನಡು ಟಪ್ ಅಂತ ಹೊರಗೆ ಬಂದು ಸ್ಪ್ರಿಂಗ್ ಆಯಿತು. ಎರಡನೆಯದು ಸರಿ ಬಂತು. ಒಳಗೆ ತೆಳುವಾಗಿ ಅಂಟು ಸವರಿ ಒಂದು ರಾತ್ರಿ ಬಿಟ್ಟೆ, ಹೊರಗೆ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಸಲ. ಇದನ್ನು ಹಚ್ಚದಿದ್ದರೆ ಕರಾವಳಿಯ ಬೆವರಿಗೆ ಕಾಗದ ಉಳಿಯುವುದಿಲ್ಲ.

ಆ ಜೋಡಿಯಲ್ಲಿ ಒಂದು ಜುಮ್ಕಿ ಇನ್ನೊಂದಕ್ಕಿಂತ ಚೂರು ದೊಡ್ಡದು. ಅತ್ತೆ ಅದನ್ನೇ ಹಾಕಿಕೊಂಡು ಬ್ರಹ್ಮಾವರದ ಮದುವೆಗೆ ಹೋಗಿ ಬಂದರು. ಚಕ್ಕುಲಿ ಸುದ್ದಿ ಈಗ ಇಲ್ಲ. ಹಸಿರು ಸೀರೆಗೆ ಒಂದು ಜೋಡಿ ಬೇಕಂತೆ. ಹಸಿರು ಪಟ್ಟಿ ಖಾಲಿಯಾಗಿದೆ, ನಾಳೆ ಪೇಟೆಗೆ ಹೋಗಬೇಕು.