ಪುಸ್ತಕ ಮುಚ್ಚಿಟ್ಟು ಬರೆಯೋದು: ಪಿಯುಸಿ ಸೈನ್ಸ್ ನಾನು ಓದಿದ ರೀತಿ

ಎಸ್ಸೆಸ್ಸೆಲ್ಸಿವರೆಗೂ ನಂದು ಪೂರ್ತಿ ಕನ್ನಡ ಮೀಡಿಯಂ, ಆಮೇಲೆ ತಿಪಟೂರಲ್ಲಿ ಹಾಸ್ಟೆಲ್‌ನಲ್ಲಿದ್ಕೊಂಡು ಪಿಯುಸಿ ಸೈನ್ಸ್ ಮಾಡ್ದೆ, ಈಗ ಇಂಜಿನಿಯರಿಂಗ್ ಕೊನೇ ವರ್ಷ. ರಜಕ್ಕೆ ಊರಿಗೆ ಹೋದಾಗೆಲ್ಲ ಪಿಯುಸಿ ಓದ್ತಿರೋ ಹುಡುಗ್ರು ಕೇಳೋದು ಒಂದೇ, "ಅಣ್ಣ, ದಿನಕ್ಕೆ ಎಷ್ಟು ಗಂಟೆ ಓದ್ತಿದ್ರಿ?" ನಿಜ ಹೇಳ್ಬೇಕಂದ್ರೆ ಗಂಟೆ ಲೆಕ್ಕ ನಾನು ಇಟ್ಟೇ ಇಲ್ಲ. ಇವತ್ತು ಓದಿದ್ರಲ್ಲಿ ಪುಸ್ತಕ ಮುಚ್ಚಿಟ್ಟು ಎಷ್ಟು ಬರೆಯಕ್ಕಾಯ್ತು, ನಾನು ನೋಡ್ತಿದ್ದಿದ್ದು ಅದೊಂದೇ.

ಹೇಗೆ ಅಂತ ಬಿಡಿಸಿ ಹೇಳ್ತೀನಿ. ಫಿಸಿಕ್ಸ್‌ನಲ್ಲಿ ಪ್ಯಾರಲಲ್ ಪ್ಲೇಟ್ ಕೆಪಾಸಿಟರ್ (ಎದುರುಬದುರು ಎರಡು ಪ್ಲೇಟ್ ಇಟ್ಟು ಚಾರ್ಜ್ ಹಿಡಿದಿಡೋ ಸಾಧನ) ಡೆರಿವೇಶನ್, ಅಂದ್ರೆ ಅದರ ಸೂತ್ರನ ಹಂತ ಹಂತವಾಗಿ ತರೋದು, ತಗೊಳ್ಳಿ. ಕ್ಲಾಸ್‌ನಲ್ಲಿ ಸರ್ ಬೋರ್ಡ್ ಮೇಲೆ ಬರೀವಾಗ ಎಲ್ಲಾ ಅರ್ಥ ಆಗುತ್ತೆ, ಸಂಜೆ ಟೆಕ್ಸ್ಟ್ ಬುಕ್ ನೋಡಿದ್ರೂ ಅರ್ಥ ಆಗುತ್ತೆ, ಓದಾಯ್ತು ಅಂತ ಅನ್ಸುತ್ತೆ. ನಾನು ಅಲ್ಲಿಗೆ ಪುಸ್ತಕ ಮುಚ್ಚಿ, ಒಂದು ಕಡೆ ಪ್ರಿಂಟ್ ಆಗಿರೋ ಹಳೇ ಹಾಳೆ ಹಿಂದೆ ಬರೆಯೋಕೆ ಕೂರ್ತಿದ್ದೆ. ಎರಡು ಪ್ಲೇಟ್ ಚಿತ್ರ ಬರುತ್ತೆ, ಪ್ಲಸ್ ಮೈನಸ್ ಹಾಕ್ತೀವಿ, ಮಧ್ಯದ ಎಲೆಕ್ಟ್ರಿಕ್ ಫೀಲ್ಡ್ ಸಿಗ್ಮಾ ಬೈ ಎಪ್ಸಿಲಾನ್ ನಾಟ್ (ಸಿಗ್ಮಾ ಅಂದ್ರೆ ಪ್ಲೇಟಿನ ಒಂದು ಚದರಳತೆಗೆ ಇರೋ ಚಾರ್ಜ್, ಎಪ್ಸಿಲಾನ್ ನಾಟ್ ಒಂದು ಸ್ಥಿರಾಂಕ) ಅಂತ ಬರೀತೀವಿ, ಅಲ್ಲೇ ಕೈ ನಿಂತ್ಹೋಗುತ್ತೆ, ಯಾಕಂದ್ರೆ ಹಿಂದಿನ ಚಾಪ್ಟರ್‌ನಲ್ಲಿ ಒಂದು ಪ್ಲೇಟ್‌ಗೆ ಬೈ ಟೂ ಎಪ್ಸಿಲಾನ್ ನಾಟ್ ಅಂತ ಓದಿರ್ತೀವಿ, ಇಲ್ಲಿ ಆ ಎರಡು ಎಲ್ಲೋಯ್ತು? ಆಗ ಪುಸ್ತಕ ತೆಗೆದು ಆ ಒಂದೇ ಸಾಲು ನೋಡ್ಬೇಕು, ಎರಡೂ ಪ್ಲೇಟಿನ ಫೀಲ್ಡ್ ಮಧ್ಯದಲ್ಲಿ ಒಂದೇ ದಿಕ್ಕಿಗೆ ಇರೋದ್ರಿಂದ ಕೂಡ್ಕೊಳ್ಳುತ್ತೆ, ಅರ್ಧ ಅರ್ಧ ಸೇರಿ ಒಂದಾಗುತ್ತೆ. ಹೀಗೆ ತಡವರಿಸಿ ಹುಡುಕಿದ ಸಾಲು ಇವತ್ತಿಗೂ ಮರೆತಿಲ್ಲ. ಅದಾದ್ಮೇಲೆ ಫೀಲ್ಡನ್ನ ದೂರದಿಂದ ಗುಣಿಸಿದ್ರೆ ವೋಲ್ಟೇಜ್, ಚಾರ್ಜನ್ನ ವೋಲ್ಟೇಜ್‌ನಿಂದ ಭಾಗಿಸಿದ್ರೆ ಕೆಪಾಸಿಟೆನ್ಸ್, ಮಿಕ್ಕಿದ್ದು ನೀರು ಕುಡಿದ ಹಾಗೆ. ನೋಡಿ ಬರೆದ ಭಾಗನ ಮಾತ್ರ ಬೇರೆ ಬಣ್ಣದ ಪೆನ್ನಲ್ಲಿ ಬರೀತಿದ್ದೆ, ಮಾರನೇ ದಿನ ಬೆಳಗ್ಗೆ ಮೊದಲ ಕೆಲಸ ಆ ಬಣ್ಣದ ಸಾಲುಗಳು ನೋಡ್ದೇ ಬರುತ್ತಾ ಅಂತ ಪರೀಕ್ಷೆ ಮಾಡೋದು. ಭಾನುವಾರ ಇನ್ನೊಂದ್ಸಲ, ತಿಂಗಳು ಬಿಟ್ಟು ಮತ್ತೊಂದ್ಸಲ. ಬರೆದ ತಾರೀಕನ್ನ ಟೆಕ್ಸ್ಟ್ ಬುಕ್‌ನ ಮೂಲೇಲಿ ಪೆನ್ಸಿಲ್‌ನಲ್ಲಿ ಗುರುತು ಹಾಕ್ತಿದ್ದೆ.

ಇದಕ್ಕೆ ಸಂಶೋಧನೆ ಇದೆ ಅಂತ ಗೊತ್ತಾಗಿದ್ದು ಆಮೇಲೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಮನಃಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಕ್ಕೆ ಹೇಳಿದ್ರು, ಕೆಲವರಿಗೆ ನೋಡದೆ ನೆನಪಿಂದ ಬರೆಯಕ್ಕೆ ಹೇಳಿದ್ರು. ಐದು ನಿಮಿಷ ಬಿಟ್ಟು ಟೆಸ್ಟ್ ಮಾಡಿದಾಗ ಮತ್ತೆ ಓದಿದವರೇ ಮುಂದೆ, ಒಂದು ವಾರ ಬಿಟ್ಟು ಟೆಸ್ಟ್ ಮಾಡಿದಾಗ ನೆನಪಿಂದ ಬರೆದವರು ಮುಂದೆ. ನಮ್ಮ ಎಕ್ಸಾಂ ಐದು ನಿಮಿಷಕ್ಕೆ ಬರಲ್ವಲ್ಲ, ತಿಂಗಳುಗಟ್ಲೆ ಆದ್ಮೇಲೆ ಬರೋದು, ಅದಕ್ಕೇ ಇದನ್ನ ಸಿಕ್ಕ ಹುಡುಗ್ರಿಗೆಲ್ಲ ಹೇಳ್ತಿರ್ತೀನಿ.

ಕನ್ನಡ ಮೀಡಿಯಂನಿಂದ ಬಂದವರಿಗೆ ಇನ್ನೊಂದು ಮಾತು. ಫಸ್ಟ್ ಪಿಯುನಲ್ಲಿ ಒಂದು ಪೇಜ್ ಓದಕ್ಕೇ ಅರ್ಧ ಗಂಟೆ ಹಿಡೀತಿತ್ತು, ಪಕ್ಕದವರು ಚಾಪ್ಟರ್ ಮುಗಿಸಿರ್ತಿದ್ರು, ಸೈನ್ಸ್ ಬಿಟ್ಬಿಡೋಣ ಅಂತ ಅನ್ಸಿದ ದಿನಗಳೂ ಇದ್ವು. ನಾನು ಮೊದಲು ಮುಚ್ಚಿ ಬರೀವಾಗ ಕನ್ನಡದಲ್ಲೇ ಬರ್ಕೊಳ್ತಿದ್ದೆ, ವಿಷಯ ತಲೇಲಿ ಕೂತಿದೆ ಅಂತ ಖಾತ್ರಿ ಆದ್ಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ಚಿಕ್ಕ ಚಿಕ್ಕ ವಾಕ್ಯದಲ್ಲಿ ಬರೀತಿದ್ದೆ. ಸೆಕೆಂಡ್ ಪಿಯು ಹೊತ್ತಿಗೆ ಕನ್ನಡದ ಹಂತ ತಾನಾಗೇ ಬಿಟ್ಟೋಯ್ತು. ಹೆದರ್ಬೇಡಿ, ದಯವಿಟ್ಟು ಮೊದಲ ಆರು ತಿಂಗಳು ನೋಡ್ಕೊಂಡು ಯಾರೂ ಗ್ರೂಪ್ ಬದಲಾಯಿಸ್ಬೇಡಿ.

ನಿದ್ದೆ ವಿಷಯದಲ್ಲಿ ನಾನು ತುಂಬಾ ಗಟ್ಟಿ. ಹಾಸ್ಟೆಲ್‌ನಲ್ಲಿ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂರೋರು, ರಾತ್ರಿ ಒಂದರವರೆಗೂ ಲೈಟ್ ಹಾಕ್ಕೊಂಡಿರೋರು, ಇಬ್ರೂ ಇದ್ರು, ಕೆಲವ್ರು ಎರಡನ್ನೂ ಮಾಡ್ತಿದ್ರು, ಫಿಸಿಕ್ಸ್ ಪೀರಿಯಡ್‌ನಲ್ಲಿ ತೂಕಡಿಸ್ತಿದ್ರು. ನಾನು ಒಂಬತ್ತೂಮುಕ್ಕಾಲಿಗೆ ಮಲಗಿ ಬೆಳಗ್ಗೆ ಆರಕ್ಕೆ ಸ್ವಲ್ಪ ಮುಂಚೆ ಏಳ್ತಿದ್ದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲೇ ಹೇಳಿದೆ, ಓದಿದ್ದು ನೆನಪಲ್ಲಿ ಗಟ್ಟಿಯಾಗೋಕೂ ನಿದ್ದೆ ಬೇಕು. ಅಪ್ಪ ಅಮ್ಮಂದಿರು ಮಗು ಬೇಗ ಮಲಗಿದ್ರೆ ಬೈಬೇಡಿ. ಸಂಜೆ ಕಾಲೇಜಿಂದ ಬಂದ್ಮೇಲೆ ಅರ್ಧ ಗಂಟೆ ವಾಲಿಬಾಲ್, ಎಕ್ಸಾಂ ತಿಂಗಳಲ್ಲೂ ಅದನ್ನ ಬಿಡ್ಲಿಲ್ಲ. ಮೊಬೈಲ್ ಟ್ರಂಕ್ ಒಳಗೆ, ಬೀಗದ ಕೈ ರೂಮ್‌ಮೇಟ್ ಹತ್ರ, ಮನೆಗೆ ಫೋನ್ ಮಾಡೋ ಹೊತ್ತಿಗೆ ಮಾತ್ರ ಕೇಳಿ ತಗೊಳ್ಳೋದು.

ಮನಸ್ಸೇ ಇಲ್ಲದ ದಿನ ಏನ್ ಮಾಡೋದು ಅಂತ ಕೇಳ್ತಾರೆ. ಅಂಥ ದಿನ ಹೊಸ ಪಾಠ ಮುಟ್ತಿರ್ಲಿಲ್ಲ, ನನಗೆ ಚೆನ್ನಾಗಿ ಬರೋ ಒಂದು ಡೆರಿವೇಶನ್ ಅಥವಾ ಎರಡು ಇಂಟಿಗ್ರೇಷನ್ ಲೆಕ್ಕ ತಗೊಂಡು ಸುಮ್ನೆ ಬರೆಯೋಕೆ ಶುರು ಮಾಡ್ತಿದ್ದೆ, ಹತ್ತು ನಿಮಿಷ ಆದ್ರೂ ಕೈ ಓಡ್ಲಿಲ್ಲ ಅಂದ್ರೆ ಎದ್ದು ಹೋಗೋದು. ಬಹಳ ಸಲ ಏಳ್ತಾನೇ ಇರ್ಲಿಲ್ಲ. ಉತ್ಸಾಹ ಬರ್ಲಿ ಆಮೇಲೆ ಕೂರೋಣ ಅಂತ ಕಾಯ್ತಾ ಇದ್ರೆ ಸಂಜೆ ಪೂರ್ತಿ ಹೋಗುತ್ತೆ, ಕೂತ್ಮೇಲೆ ಅದು ಹಿಂದೇನೇ ಬರುತ್ತೆ.

ಡಿಸೆಂಬರ್ ಆದ್ಮೇಲೆ ಭಾನುವಾರ ಹಳೇ ಪೇಪರ್. ಬೋರ್ಡ್‌ನ ವೆಬ್‌ಸೈಟ್‌ನಲ್ಲಿ ಮಾದರಿ ಪ್ರಶ್ನೆಪತ್ರಿಕೆ ಫ್ರೀ ಇರುತ್ತೆ, ಪ್ರಿಂಟ್ ತೆಗೆಸ್ಕೊಂಡು ವಾಚ್ ಇಟ್ಕೊಂಡು ಕೂತು ಬರೀಬೇಕು, ಮಧ್ಯ ಎದ್ದು ಉತ್ತರ ನೋಡಂಗಿಲ್ಲ. ಸಿಇಟಿಗೆ ಬೇರೆ ಅಭ್ಯಾಸ ಬೇಕು, ಒಂದೊಂದು ಸಬ್ಜೆಕ್ಟ್‌ಗೂ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್, ನೆಗೆಟಿವ್ ಮಾರ್ಕ್ಸ್ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡ್ಬೇಡಿ. ಇಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಮಾರ್ಕ್ಸ್ ಅರ್ಧ, ಸಿಇಟಿ ಅರ್ಧ, ಅದಕ್ಕೆ ಬೋರ್ಡ್ ಎಕ್ಸಾಂನ ಹಗುರ ಮಾಡ್ಬೇಡಿ. ಎಕ್ಸಾಂ ಹಿಂದಿನ ಸಂಜೆ ಆ ಬಣ್ಣದ ಸಾಲುಗಳಿರೋ ಹಾಳೆಗಳನ್ನ ಮಾತ್ರ ತಗೊಂಡು ಕೂರ್ತಿದ್ದೆ, ಎಂಟಕ್ಕೆ ಊಟ, ಹಾಲ್ ಟಿಕೆಟ್ ಪೆನ್ನು ಎಲ್ಲಾ ಎತ್ತಿಟ್ಟು ಒಂಬತ್ತೂಮುಕ್ಕಾಲಿಗೆ ಮಾಮೂಲಿನ ಹಾಗೆ ಮಲಗೋದು.