ಮೊಬೈಲ್‌ನಲ್ಲೇ ಆಪ್ತಸಮಾಲೋಚನೆ: ಶುರು ಮಾಡುವುದು ಹೇಗೆ?

ಆನ್‌ಲೈನ್‌ನಲ್ಲಿ ಕೌನ್ಸೆಲರ್ ಹುಡುಕುವುದು ಈಗ ಕಷ್ಟವಲ್ಲ. ಅವರ ಜೊತೆ ಮುಕ್ಕಾಲು ಗಂಟೆ, ಯಾರ ಕಿವಿಗೂ ಬೀಳದಂತೆ ಮಾತಾಡಲು ಜಾಗ ಹುಡುಕುವುದೇ ನಮ್ಮ ಮನೆಗಳಲ್ಲಿ ಕಷ್ಟ. ಅತ್ತೆ ನಡುಮನೆಯಲ್ಲಿ, ಮಕ್ಕಳು ರೂಮಿನಲ್ಲಿ, ಅಡುಗೆಮನೆಗೆ ಬಾಗಿಲೇ ಇಲ್ಲ. ಆದ್ದರಿಂದ ಮೊದಲು ಜಾಗ ಗೊತ್ತುಮಾಡಿಕೊಳ್ಳಿ.

ಮನೆ ಖಾಲಿಯಿರುವ ಹೊತ್ತು ಯಾವುದೆಂದು ನೋಡಿಕೊಂಡು ಅದಕ್ಕೇ ಅಪಾಯಿಂಟ್‌ಮೆಂಟ್ ಕೇಳಿ. ತಾರಸಿ ಆಗಬಹುದು, ನೆರಳಲ್ಲಿ ನಿಲ್ಲಿಸಿದ ಕಾರು ಇನ್ನೂ ವಾಸಿ. ಮೈಸೂರಿನವರು ಕುಕ್ಕರಹಳ್ಳಿ ಕೆರೆ ಏರಿಯನ್ನು ನೆಚ್ಚಿಕೊಳ್ಳಬೇಡಿ. ವಾಕಿಂಗ್ ಬಂದವರಲ್ಲಿ ಪರಿಚಯದವರು ಸಿಕ್ಕೇ ಸಿಗುತ್ತಾರೆ. ಬೆಂಗಳೂರು ರೈಲಿನಲ್ಲಿ ಕೂತು ಮುಗಿಸುವ ಯೋಚನೆಯೂ ಬೇಡ. ಇಯರ್‌ಫೋನ್ ಹಾಕಿದರೆ ಅವರ ದನಿ ಅಡಗುತ್ತದೆ, ನಿಮ್ಮದಲ್ಲ. ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ವಿಡಿಯೊ ಬಿಟ್ಟು ಬರೀ ಕರೆಯಲ್ಲಿ ಮಾತಾಡಿ. ಕರೆ ಕಟ್ಟಾದರೆ ಯಾರು ಯಾರಿಗೆ ಮಾಡಬೇಕು ಎಂಬುದನ್ನು ಮೊದಲೇ ಹೇಳಿಕೊಂಡಿರಿ.

ಫೋನ್ ಮನೆಯವರ ಕೈಗೂ ಹೋಗುತ್ತದೆಯೇ? ನೋಟಿಫಿಕೇಶನ್ ಆಫ್ ಮಾಡಿ. ಯುಪಿಐ ಹಿಸ್ಟರಿಯಲ್ಲಿ ಕ್ಲಿನಿಕ್ ಹೆಸರು ಉಳಿಯುತ್ತದೆ ಎಂಬುದೂ ನೆನಪಿರಲಿ.

ಯಾರ ಹತ್ತಿರ ಹೋಗಬೇಕು

ಮಾತ್ರೆ ಬರೆಯುವುದು ಮನೋವೈದ್ಯರ ಕೆಲಸ. ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು, ಸಂಖ್ಯೆ ಕೇಳಿ. 'ಕೌನ್ಸೆಲರ್' ಎಂದು ಬೋರ್ಡು ಹಾಕಿಕೊಳ್ಳುವವರಲ್ಲಿ ಎಲ್ಲ ಥರದವರೂ ಇದ್ದಾರೆ. ಮನಶ್ಶಾಸ್ತ್ರದಲ್ಲಿ ಎಂಎ, ಎಂಎಸ್ಸಿ ಅಥವಾ ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಆಗಿದೆಯೇ, ತರಬೇತಿ ಎಲ್ಲಿ ಎಂದು ವಿಚಾರಿಸಿ. ಕೇಳಿದ್ದಕ್ಕೆ ಮುನಿಸಿಕೊಂಡರೆ ಬೇರೆಯವರನ್ನು ನೋಡಿ.

ಕನ್ನಡದಲ್ಲೇ ಮಾತಾಡುವವರಾ ಎಂದೂ ಕೇಳಿ. ಗಂಡ ಹೆಂಡತಿ ಜಗಳ ಆಡುವುದು ಕನ್ನಡದಲ್ಲಿ. ಅದನ್ನು ಇಂಗ್ಲಿಷಿನಲ್ಲಿ ಹೇಳಹೊರಟರೆ ಅರ್ಧ ಸಿಟ್ಟು ದಾರಿಯಲ್ಲೇ ಸೋರಿಹೋಗುತ್ತದೆ.

ಶುಲ್ಕ ಎಷ್ಟು, ತಪ್ಪಿಸಿದರೆ ದುಡ್ಡು ಹೋಗುತ್ತದೆಯೇ, ರೆಕಾರ್ಡ್ ಮಾಡುತ್ತಾರೆಯೇ? ಇಷ್ಟು ತಿಳಿದುಕೊಂಡು ಒಂದು ಭೇಟಿಗಷ್ಟೇ ಕಟ್ಟಿ. ಹತ್ತು ಭೇಟಿಯ ಪ್ಯಾಕೇಜ್ ಅಗ್ಗವೆನಿಸಿದರೂ ಮೊದಲ ದಿನವೇ ತೆಗೆದುಕೊಳ್ಳಬೇಡಿ.

ಮೊದಲ ಭೇಟಿ

'ತುಂಬಾ ಟೆನ್ಷನ್ನು' ಎಂದರೆ ಕೌನ್ಸೆಲರ್‌ಗೆ ಹಿಡಿತ ಸಿಗುವುದಿಲ್ಲ. 'ಕಬ್ಬಿನ ಬಿಲ್ಲು ಬಾಕಿ, ರಾತ್ರಿ ಎರಡಕ್ಕೆ ಎಚ್ಚರ, ಎದೆ ಡವಡವ, ಬೆಳಿಗ್ಗೆ ಹೆಂಡತಿ ಮೇಲೆ ರೇಗಾಟ' ಎಂದು ಹೇಳಿದರೆ ಕೆಲಸ ಶುರುವಾಗುತ್ತದೆ. ಇಂಥ ನಾಲ್ಕು ಸಾಲು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಿದ್ದೆ, ಊಟ, ಕುಡಿತ, ಈಗ ನುಂಗುತ್ತಿರುವ ಮಾತ್ರೆ, ಎಲ್ಲವನ್ನೂ ಕೇಳುತ್ತಾರೆ. ಥೈರಾಯ್ಡ್ ಏರುಪೇರಾದರೂ ಎದೆ ಹೊಡೆದುಕೊಳ್ಳುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸಿ ಎಂದರೆ ಗಾಬರಿ ಬೇಡ.

ನೀವಿರುವ ವಿಳಾಸ, ಹತ್ತಿರದವರೊಬ್ಬರ ನಂಬರ್ ಕೇಳಬಹುದು. ನಿಮಗೇನಾದರೂ ಆದರೆ ದೂರದಲ್ಲಿರುವ ಅವರು ಓಡಿಬರಲು ಆಗದು, ಅದಕ್ಕೆ. ಹೇಳಿದ್ದು ಗುಟ್ಟಾಗಿರುತ್ತದೆ. ಪ್ರಾಣಾಪಾಯವಿದ್ದಾಗ ಅದನ್ನು ಸಡಿಲಿಸುತ್ತಾರೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ವರದಿ ಮಾಡಲೇಬೇಕು.

'ಗಂಡನ ಜೊತೆ ಇರಲಾ, ತವರಿಗೆ ಹೋಗಲಾ' ಎಂದು ಕೇಳಿದರೆ ಉತ್ತರ ಸಿಗದು. ಊರ ಹಿರಿಯರು ಕೊಡುವಂಥ ತೀರ್ಪು ಅಲ್ಲಿಲ್ಲ. ಹೋದರೆ ಏನು, ಇದ್ದರೆ ಏನು ಎಂದು ನಿಮ್ಮ ಕೈಲೇ ಬಿಡಿಸಿ ನೋಡಿಸುತ್ತಾರೆ. ಬರೆದುಕೊಂಡು ಬನ್ನಿ ಎಂದು ಮನೆಗೆಲಸವನ್ನೂ ಕೊಡುತ್ತಾರೆ. ದಂಪತಿ ಸೇರಿ ಮಾತಾಡಬಹುದು, ಒಬ್ಬರು ಬೆಂಗಳೂರಿನಲ್ಲಿದ್ದರೂ ಸರಿ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಮಾತ್ರ ಜಂಟಿ ಭೇಟಿ ಬೇಡ, ಅಲ್ಲಿ ಹೇಳಿದ್ದಕ್ಕೆ ಆಮೇಲೆ ಏಟು ಬೀಳಬಹುದು. ಒಬ್ಬರೇ ಮಾತಾಡಿ, ಮಹಿಳಾ ಸಹಾಯವಾಣಿ 181 ಇದೆ.

ಮೂರ್ನಾಲ್ಕು ಭೇಟಿಯಾದರೂ ಮನಸ್ಸು ಬಿಚ್ಚಲಾಗದಿದ್ದರೆ ಹಾಗೆಂದು ಅವರಿಗೇ ಹೇಳಿ, ಬೇರೆಯವರ ಹೆಸರು ಕೇಳಿ. ಅದರಲ್ಲಿ ಸಂಕೋಚವೇನಿಲ್ಲ.

ಆನ್‌ಲೈನ್ ಸಾಲದಾದಾಗ

ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್ ಕಾಯಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ, ಉಚಿತ, ಕನ್ನಡದಲ್ಲಿ. ಕೈ ಮೀರುವಂತಿದ್ದರೆ ತುರ್ತು ಸಂಖ್ಯೆ 112. ದುಡ್ಡಿನ ಅಡಚಣೆಯಿದ್ದವರಿಗೂ 14416 ಒಳ್ಳೆಯ ಮೊದಲ ಮೆಟ್ಟಿಲು.

ಮಾತ್ರೆ ಬೇಕಾದೀತು ಎಂದು ಕೌನ್ಸೆಲರ್ ಹೇಳಿದರೆ ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇವೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರನ್ನು ಕಾಣುವ ವ್ಯವಸ್ಥೆಯಿದೆ. ನಿಮ್ಮೂರಿನ ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ವಿಚಾರಿಸಿ, ವೈದ್ಯರು ಬರೆದ ಹಳೆಯ ಚೀಟಿಗಳನ್ನು ತೆಗೆದುಕೊಂಡು ಹೋಗಿ.