ಕಾಲೇಜ್ ಬ್ಯಾಸ್ಕೆಟ್‌ಬಾಲ್ ಆಟಗಾರನ ಕೆರಿಯರ್ ಓದುವುದು ಹೇಗೆ? ಸ್ಟೆಫನ್ ಕರ್ರಿಯ ಮೂರು ವರ್ಷ ಇಟ್ಟುಕೊಂಡು ಕಲಿಯೋಣ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರು ನಮ್ಮಲ್ಲಿ ಈಗ ತುಂಬಾ ಜನ ಇದ್ದಾರೆ. ಆದರೆ ಇಷ್ಟದ ಆಟಗಾರ ಕಾಲೇಜಿನಲ್ಲಿ ಏನು ಮಾಡಿದ್ದ ಅಂತ ಹುಡುಕಲು ಹೋದರೆ ಅಂಕಿಗಳ ಒಂದು ದೊಡ್ಡ ಪಟ್ಟಿ ತೆರೆದುಕೊಳ್ಳುತ್ತದೆ, ನಾವು ಸರಾಸರಿ ಪಾಯಿಂಟ್ ಮಾತ್ರ ನೋಡಿ 'ಪರವಾಗಿಲ್ಲ, ಚೆನ್ನಾಗೇ ಆಡಿದ್ದಾನೆ' ಅಂದುಕೊಂಡು ಮುಚ್ಚಿಬಿಡುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಪಟ್ಟಿಯೊಳಗೆ ಒಂದು ಕಥೆ ಇರುತ್ತದೆ. ಅದನ್ನು ಹೊರಗೆ ತೆಗೆಯುವುದು ಹೇಗೆ ಅಂತ ಎನ್‌ಬಿಎ ತಾರೆ ಸ್ಟೆಫನ್ ಕರ್ರಿ ಡೇವಿಡ್ಸನ್ ಕಾಲೇಜಿನಲ್ಲಿ ಆಡಿದ ದಿನಗಳನ್ನು ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಅಳತೆಗೋಲು ಸರಿ ಮಾಡಿಕೊಳ್ಳಿ. ಕಾಲೇಜಿನ ಪುರುಷರ ಮ್ಯಾಚ್ 40 ನಿಮಿಷ, ಎನ್‌ಬಿಎ ಮ್ಯಾಚ್ 48 ನಿಮಿಷ. ಅಂದರೆ ಕಾಲೇಜಿನಲ್ಲಿ 20 ಪಾಯಿಂಟ್ ಸರಾಸರಿ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ. ವರ್ಷಗಳನ್ನು ಫ್ರೆಶ್‌ಮನ್, ಸೋಫಮೋರ್, ಜೂನಿಯರ್, ಸೀನಿಯರ್ ಅಂತ ಕರೆಯುತ್ತಾರೆ. ನಾಲ್ಕೂ ವರ್ಷ ಆಡಲೇಬೇಕು ಅಂತೇನಿಲ್ಲ, ಕರ್ರಿ ಮೂರೇ ವರ್ಷ ಆಡಿದ. 2006-07ರಲ್ಲಿ ಸರಾಸರಿ 21.5, ಮುಂದಿನ ವರ್ಷ 25.9, ಕೊನೆಯ ವರ್ಷ 28.6. ಆ ಕೊನೆಯ ವರ್ಷ ಇಡೀ ದೇಶದಲ್ಲೇ ಅವನದು ಮೊದಲ ಸ್ಥಾನ. ಒಟ್ಟು 104 ಮ್ಯಾಚ್, 2,635 ಪಾಯಿಂಟ್.

ಈ ಅಂಕಿಗಳನ್ನು ಬರೆದಿಟ್ಟುಕೊಂಡು ಪಕ್ಕಕ್ಕಿಡಿ. ಈಗ ಕೇಳಬೇಕಾದ ಪ್ರಶ್ನೆ, ಯಾವ ಕಾಲೇಜು, ಎದುರಾಳಿ ಯಾರು?

ಡೇವಿಡ್ಸನ್ ಇರುವುದು ನಾರ್ತ್ ಕ್ಯಾರೊಲಿನಾದಲ್ಲಿ, ಷಾರ್ಲಟ್ ನಗರದ ಹತ್ತಿರ. ಎರಡು ಸಾವಿರದಷ್ಟೂ ವಿದ್ಯಾರ್ಥಿಗಳಿಲ್ಲದ ಸಣ್ಣ ಕಾಲೇಜು. ಕರ್ರಿಯ ತಂದೆ ಡೆಲ್ ಕರ್ರಿ 16 ಸೀಸನ್ ಎನ್‌ಬಿಎ ಆಡಿದವರು. ಆದರೂ ಮಗ ತೆಳ್ಳಗಿದ್ದಾನೆ, ಗಿಡ್ಡ ಅಂತ ದೊಡ್ಡ ಕಾಲೇಜುಗಳು ಸ್ಕಾಲರ್‌ಶಿಪ್ ಕೊಡಲಿಲ್ಲ. ಕರೆದವರು ಡೇವಿಡ್ಸನ್ ಕೋಚ್ ಬಾಬ್ ಮೆಕಿಲಪ್. ಆ ತಂಡ ಆಗ ಆಡುತ್ತಿದ್ದುದು ಸದರ್ನ್ ಕಾನ್ಫರೆನ್ಸ್‌ನಲ್ಲಿ. ಕಾನ್ಫರೆನ್ಸ್ ಅಂದರೆ ಕಾಲೇಜುಗಳ ಒಂದು ಗುಂಪು, ಸೀಸನ್‌ನ ಅರ್ಧಕ್ಕಿಂತ ಹೆಚ್ಚು ಮ್ಯಾಚ್ ಆ ಗುಂಪಿನೊಳಗೇ ನಡೆಯುತ್ತವೆ. ಈ ಗುಂಪು ಅಷ್ಟು ಬಲವಾದದ್ದಲ್ಲ. ಹಾಗಾಗಿ ಸಣ್ಣ ಕಾನ್ಫರೆನ್ಸ್ ಆಟಗಾರನನ್ನು ನೋಡುವಾಗ ದೊಡ್ಡ ತಂಡಗಳ ಎದುರಿನ ಮ್ಯಾಚ್‌ಗಳನ್ನು ಬೇರೆಯಾಗಿ ಹೆಕ್ಕಿ ತೆಗೆಯಿರಿ. 2007-08ರಲ್ಲಿ ಡೇವಿಡ್ಸನ್ ಶುರುವಿನಲ್ಲೇ ನಾರ್ತ್ ಕ್ಯಾರೊಲಿನಾ, ಡ್ಯೂಕ್, ಯುಸಿಎಲ್‌ಎ ಎಂಬ ದೊಡ್ಡ ವಿಶ್ವವಿದ್ಯಾಲಯಗಳ ತಂಡಗಳ ಜೊತೆ ಆಡಿ ಮೂರೂ ಸೋತಿತು. ಮೊದಲ 10 ಮ್ಯಾಚ್‌ಗಳಲ್ಲಿ ಗೆದ್ದಿದ್ದು ನಾಲ್ಕೇ. ಆಮೇಲೆ ಮಾರ್ಚ್‌ನ ಎನ್‌ಸಿಎಎ ಟೂರ್ನಿಗೆ ಮುಂಚೆಯೇ ಸಾಲಾಗಿ 22 ಗೆದ್ದಿತು! ಬರೀ ಗೆಲುವು ಸೋಲಿನ ಒಟ್ಟು ಲೆಕ್ಕ ನೋಡಿದವರಿಗೆ ಈ ತಿರುವು ಕಾಣುವುದೇ ಇಲ್ಲ.

ಇದಕ್ಕೇ ಗೇಮ್ ಲಾಗ್ ತೆರೆಯಿರಿ ಅನ್ನುವುದು. ಸ್ಪೋರ್ಟ್ಸ್ ರೆಫರೆನ್ಸ್ ಎಂಬ ಅಂಕಿಅಂಶ ತಾಣದ ಕಾಲೇಜ್ ಬ್ಯಾಸ್ಕೆಟ್‌ಬಾಲ್ ವಿಭಾಗಕ್ಕೆ ಹೋದರೆ ಒಂದೊಂದು ಮ್ಯಾಚ್‌ನ ಲೆಕ್ಕವೂ ಬೇರೆ ಬೇರೆ ಸಾಲಿನಲ್ಲಿ ಸಿಗುತ್ತದೆ, ತೀರಾ ಹಳೆಯ ಆಟಗಾರನಾದರೆ ಕಾಲೇಜಿನ ಸ್ವಂತ ಕ್ರೀಡಾ ತಾಣವನ್ನೂ ನೋಡಿ. ಒಳ್ಳೆಯ ದಿನಗಳ ಜೊತೆ ಕೆಟ್ಟ ದಿನಗಳನ್ನೂ ಗುರುತು ಮಾಡಿ, ಕೆಟ್ಟ ದಿನದ ಮುಂದಿನ ಸಾಲು ಏನು ಹೇಳುತ್ತದೆ ಅಂತ ತಪ್ಪದೆ ನೋಡಿ. ಕರ್ರಿಯ ಮೊಟ್ಟಮೊದಲ ಕಾಲೇಜ್ ಮ್ಯಾಚ್ ಈಸ್ಟರ್ನ್ ಮಿಷಿಗನ್ ಎದುರು. 15 ಪಾಯಿಂಟ್ ಮಾಡಿದ, ಆದರೆ 13 ಟರ್ನ್‌ಓವರ್, ಅಂದರೆ 13 ಸಲ ಚೆಂಡನ್ನು ಎದುರಾಳಿ ಕೈಗೆ ಕೊಟ್ಟುಬಿಟ್ಟ. ಬೇರೆ ಕೋಚ್ ಆಗಿದ್ದರೆ ಮಾರನೇ ದಿನ ಬೆಂಚಿನಲ್ಲಿ ಕೂರಿಸುತ್ತಿದ್ದರೇನೋ. ಮೆಕಿಲಪ್ ಮತ್ತೆ ಆಡಿಸಿದರು. ಮುಂದಿನ ಮ್ಯಾಚಿನಲ್ಲಿ ಮಿಷಿಗನ್ (ಇದು ಬೇರೆ ವಿಶ್ವವಿದ್ಯಾಲಯ) ಎದುರು ಹುಡುಗ 32 ಪಾಯಿಂಟ್ ಹೊಡೆದ. ನನಗೆ ಅವನ ಇಡೀ ಕಾಲೇಜ್ ಕೆರಿಯರ್‌ನಲ್ಲಿ ಅತಿ ಇಷ್ಟವಾದ ಎರಡು ಸಾಲು ಇವೇ.

ಇನ್ನೊಂದು ಸಾಲು ನೋಡಿ. 2008ರ ನವೆಂಬರ್ 25, ಎದುರಾಳಿ ಮೇರಿಲ್ಯಾಂಡ್‌ನ ಲೊಯೋಲಾ ಕಾಲೇಜು. ಪಾಯಿಂಟ್ ಸೊನ್ನೆ. ಎಸೆದದ್ದು ಮೂರೇ ಸಲ. ಪಟ್ಟಿ ಮಾತ್ರ ನೋಡಿದರೆ ಅವನಿಗೆ ಹುಷಾರಿರಲಿಲ್ಲವೇನೋ ಅನ್ನಿಸುತ್ತದೆ, ಅಲ್ವಾ? ಆದದ್ದೇ ಬೇರೆ. ಲೊಯೋಲಾ ಕೋಚ್ ಇಡೀ ಮ್ಯಾಚ್ ಇಬ್ಬಿಬ್ಬರನ್ನು ಕರ್ರಿಯ ಮೈಗಂಟಿಕೊಂಡಿರಲು ಬಿಟ್ಟರು, ಚೆಂಡು ಅವನ ಹತ್ತಿರ ಇಲ್ಲದಾಗಲೂ. ಕರ್ರಿ ಜಗಳಕ್ಕೆ ಹೋಗದೆ ಮೂಲೆಯಲ್ಲಿ ನಿಂತುಬಿಟ್ಟ. ಉಳಿದ ನಾಲ್ವರು ಮೂವರ ಎದುರು ಆರಾಮಾಗಿ ಆಡಿದರು. ಡೇವಿಡ್ಸನ್ 78-48ರಿಂದ ಗೆದ್ದಿತು. ದೇಶದಲ್ಲೇ ಹೆಚ್ಚು ಪಾಯಿಂಟ್ ಮಾಡುತ್ತಿದ್ದವನು ತನ್ನ ಲೆಕ್ಕ ಬಿಟ್ಟುಕೊಟ್ಟು 30 ಪಾಯಿಂಟ್ ಅಂತರದ ಗೆಲುವಿಗೆ ದಾರಿ ಮಾಡಿದ. ಹೀಗಾಗಿ ವಿಚಿತ್ರ ಅನ್ನಿಸುವ ಅಂಕಿ ಕಂಡರೆ ಪಕ್ಕದಲ್ಲೇ ಇರುವ ತಂಡದ ಸ್ಕೋರ್ ನೋಡಿ, ಆಮೇಲೆ ಆ ದಿನದ ಪತ್ರಿಕಾ ವರದಿ ಹುಡುಕಿ.

ಇನ್ನು ಹೊಸಬರು ಎಡವುವ ಜಾಗ, ಶೇಕಡಾವಾರು. ಎರಡನೇ ವರ್ಷ ಕರ್ರಿಯ ತ್ರೀ ಪಾಯಿಂಟರ್ (ದೂರದ ಗೆರೆಯ ಆಚೆಯಿಂದ ಎಸೆದು ಮೂರು ಪಾಯಿಂಟ್ ಪಡೆಯುವ ಎಸೆತ) ಗುರಿ ಶೇ 43.9 ಇತ್ತು, ಮೂರನೇ ವರ್ಷ ಶೇ 38.7ಕ್ಕೆ ಇಳಿಯಿತು. ಆಟ ಕೆಟ್ಟಿತಾ? ಇಲ್ಲ. ಎರಡು ಕಾರಣ ಸೇರಿಸಿ ನೋಡಬೇಕು. ಒಂದು, 2008-09ರಲ್ಲಿ ಕಾಲೇಜ್ ಪುರುಷರ ತ್ರೀ ಪಾಯಿಂಟ್ ಗೆರೆಯನ್ನೇ ಒಂದು ಅಡಿ ಹಿಂದಕ್ಕೆ ಸರಿಸಿದರು. ಇನ್ನೊಂದು ಇದಕ್ಕಿಂತ ದೊಡ್ಡದು. ಹಿಂದಿನ ವರ್ಷ ದೇಶದಲ್ಲೇ ಹೆಚ್ಚು ಅಸಿಸ್ಟ್ (ಜೊತೆಗಾರ ಪಾಯಿಂಟ್ ಮಾಡಲು ನೆರವಾಗುವ ಪಾಸ್) ಕೊಟ್ಟಿದ್ದ ಜೇಸನ್ ರಿಚರ್ಡ್ಸ್ ಓದು ಮುಗಿಸಿ ಹೋದ, ಚೆಂಡು ತರುವ ಪಾಯಿಂಟ್ ಗಾರ್ಡ್ ಕೆಲಸ ಕರ್ರಿಯ ತಲೆಗೆ ಬಂತು. ಮೊದಲು ಬೇರೆಯವರು ಜಾಗ ಮಾಡಿಕೊಟ್ಟು ಚೆಂಡು ಕೊಡುತ್ತಿದ್ದರು, ಈಗ ಅವನೇ ಎಲ್ಲವನ್ನೂ ಹುಟ್ಟಿಸಬೇಕು. ಅಸಿಸ್ಟ್ ಸರಾಸರಿ 2.9ರಿಂದ 5.6ಕ್ಕೆ ಏರಿದ್ದನ್ನು ನೋಡಿದರೆ ವಿಷಯ ತಿಳಿಯುತ್ತದೆ. ಯಾವ ಆಟಗಾರನದ್ದೇ ಆಗಲಿ, ಅಂಕಿ ಏರಿದರೂ ಇಳಿದರೂ ಹಿಂದಿನ ವರ್ಷದ ತಂಡದಿಂದ ಯಾರು ಹೋದರು, ಯಾರು ಬಂದರು ಅಂತ ಮೊದಲು ನೋಡಿ.

ಮಾರ್ಚ್ ತಿಂಗಳಿನ ಎನ್‌ಸಿಎಎ ಟೂರ್ನಿಗೆ, ಅಂದರೆ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ, ಒಂದು ಪೂರ್ತಿ ಸಂಜೆ ಇಟ್ಟುಕೊಳ್ಳಿ. ಒಂದು ಮ್ಯಾಚ್ ಸೋತರೆ ಮನೆಗೆ. ತಂಡಗಳಿಗೆ 1ರಿಂದ 16ರವರೆಗೆ ಸೀಡ್ ಕೊಡುತ್ತಾರೆ, ಸಂಖ್ಯೆ ಚಿಕ್ಕದಾದಷ್ಟೂ ತಂಡ ಬಲವಾದದ್ದು. 2008ರಲ್ಲಿ ಡೇವಿಡ್ಸನ್‌ಗೆ ಸಿಕ್ಕಿದ್ದು 10ನೇ ಸೀಡ್. 1969ರ ನಂತರ ಆ ಕಾಲೇಜು ಈ ಟೂರ್ನಿಯಲ್ಲಿ ಒಂದೂ ಮ್ಯಾಚ್ ಗೆದ್ದಿರಲಿಲ್ಲ. ಕರ್ರಿ 7ನೇ ಸೀಡ್ ಗೊನ್ಜಾಗಾ ಎದುರು 40 ಪಾಯಿಂಟ್ ಹೊಡೆದ. 2ನೇ ಸೀಡ್ ಜಾರ್ಜ್‌ಟೌನ್ ಎದುರು ಮೊದಲರ್ಧ ಐದೇ ಪಾಯಿಂಟ್, ತಂಡ ಒಂದು ಹಂತದಲ್ಲಿ 17 ಪಾಯಿಂಟ್ ಹಿಂದೆ ಬಿದ್ದಿತ್ತು, ದ್ವಿತೀಯಾರ್ಧದಲ್ಲಿ ಅವನೊಬ್ಬನೇ 25 ಮಾಡಿ 74-70ರಿಂದ ಗೆಲ್ಲಿಸಿದ. ಈ ಮ್ಯಾಚಿನ ವಿಡಿಯೊ ಹುಡುಕಿ ನೋಡಿ, ಬರವಣಿಗೆಯಲ್ಲಿ ಅದು ಸಿಗುವುದಿಲ್ಲ. 3ನೇ ಸೀಡ್ ವಿಸ್ಕಾನ್ಸಿನ್ ಎದುರು 33. ಡೆಟ್ರಾಯ್ಟ್‌ನಲ್ಲಿ ನಡೆದ ಆ ಮ್ಯಾಚ್‌ಗಳಿಗೆ ವಿದ್ಯಾರ್ಥಿಗಳು ಬಂದು ನೋಡಲಿ ಅಂತ ಕಾಲೇಜಿನ ಟ್ರಸ್ಟಿಗಳು ಬಸ್ಸು, ಟಿಕೆಟ್, ಉಳಿಯುವ ಖರ್ಚು ಎಲ್ಲ ಕೊಟ್ಟರು. ಮುಂದಿನ ಎದುರಾಳಿ 1ನೇ ಸೀಡ್ ಕ್ಯಾನ್ಸಸ್. ಕೊನೆಯ ಸೆಕೆಂಡುಗಳಲ್ಲಿ ಎರಡು ಪಾಯಿಂಟ್ ಹಿಂದೆ, ಚೆಂಡು ಕರ್ರಿಯ ಕೈಯಲ್ಲಿ. ಇಬ್ಬರು ಮುತ್ತಿದರು. ಅವನು ರಿಚರ್ಡ್ಸ್‌ಗೆ ಪಾಸ್ ಕೊಟ್ಟ. ರಿಚರ್ಡ್ಸ್ ದೂರದಿಂದ ಎಸೆದದ್ದು ಬೀಳಲಿಲ್ಲ. 59-57. ಆ ವರ್ಷ ಚಾಂಪಿಯನ್ ಆದದ್ದು ಇದೇ ಕ್ಯಾನ್ಸಸ್.

ಬೇರೆ ಬೇರೆ ಕಾಲದವರನ್ನು ಹೋಲಿಸುವಾಗ ಸ್ವಲ್ಪ ತಡೆಯಿರಿ. ಪೀಟ್ ಮ್ಯಾರವಿಚ್ ಎಲ್‌ಎಸ್‌ಯುನಲ್ಲಿ (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) 83 ಮ್ಯಾಚ್‌ಗಳಲ್ಲೇ 3,667 ಪಾಯಿಂಟ್ ಮಾಡಿದ, ಆಗ ತ್ರೀ ಪಾಯಿಂಟ್ ಗೆರೆಯೇ ಇರಲಿಲ್ಲ, ಫ್ರೆಶ್‌ಮನ್‌ಗಳು ಮುಖ್ಯ ತಂಡದಲ್ಲಿ ಆಡುವಂತೆಯೂ ಇರಲಿಲ್ಲ. 2024ರಲ್ಲಿ ಅಯೋವಾದ ಕೇಟ್ಲಿನ್ ಕ್ಲಾರ್ಕ್ ಅವನನ್ನು ದಾಟಿ 139 ಮ್ಯಾಚ್‌ಗಳಲ್ಲಿ 3,951ಕ್ಕೆ ನಿಂತಳು. ಇಬ್ಬರೂ ಅದ್ಭುತ. ಮ್ಯಾಚ್ ಸಂಖ್ಯೆ, ನಿಯಮ ಎರಡನ್ನೂ ಪಕ್ಕದಲ್ಲಿ ಬರೆದುಕೊಂಡೇ ಹೋಲಿಸಿ.

ಕೊನೆಗೆ, ಎನ್‌ಬಿಎ ಡ್ರಾಫ್ಟ್ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಬಂತು ಅಂತ ಕಾಲೇಜಿನ ಪುಟ ಮುಚ್ಚಬೇಡಿ, ಓದು ಮುಗಿಸಿದನಾ ಅಂತಲೂ ನೋಡಿ. ಕರ್ರಿ 2009ರಲ್ಲಿ ಏಳನೇ ಆಯ್ಕೆಯಾಗಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಹೋದಾಗ ಅವನ ಡಿಗ್ರಿ ಮುಗಿದಿರಲಿಲ್ಲ. ಪದವಿ ಪಡೆಯದವರ ಜೆರ್ಸಿ ನಂಬರನ್ನು ಡೇವಿಡ್ಸನ್ ಗೌರವವಾಗಿ ನಿವೃತ್ತಿ ಮಾಡುವುದಿಲ್ಲ, ಅಂದರೆ ಅಂಗಣದ ಮೇಲೆ ತೂಗುಹಾಕುವುದಿಲ್ಲ, ಎಷ್ಟೇ ದೊಡ್ಡ ಆಟಗಾರನಾಗಿರಲಿ. ಉಳಿದ ಪಾಠ ಮುಗಿಸಿ 2022ರ ಮೇ ತಿಂಗಳಲ್ಲಿ ಅವನು ಸಮಾಜಶಾಸ್ತ್ರದಲ್ಲಿ ಡಿಗ್ರಿ ತೆಗೆದುಕೊಂಡ. ಅದೇ ವರ್ಷ ಆಗಸ್ಟ್ 31ರಂದು ಡೇವಿಡ್ಸನ್‌ನಲ್ಲಿ 30ನೇ ನಂಬರಿನ ಜೆರ್ಸಿ ಮೇಲೇರಿತು.